80 ವರ್ಷ ತಡವಾಗಿ ಬಂದ ಡಿಗ್ರಿ ಸರ್ಟಿಫಿಕೇಟು

ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇದೆಯಲ್ಲ, ಕಳೆದ ವಾರ ಅಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಹೊರಗೆ ಮಳೆ. ಬಸ್ಸಿನ ಸುಳಿವಿಲ್ಲ. ಅಷ್ಟರಲ್ಲಿ ಹಳ್ಳಿ ಕಡೆಯ ಒಬ್ಬರು ಮಗಳ ಜೊತೆ ಓಡಿ ಬಂದು ಅಂಗಡಿ ಹೊಕ್ಕರು. ಅಪ್ಪನ ತಲೆ, ಅಂಗಿ ಎಲ್ಲ ನೆಂದು ತೊಪ್ಪೆ. ಮಗಳು ಎದೆಗೆ ಅವಚಿಕೊಂಡಿದ್ದ ಪ್ಲಾಸ್ಟಿಕ್ ಕವರು ಮಾತ್ರ ಒಣಗಿತ್ತು. ಅದರೊಳಗೆ ಅವಳ ಡಿಗ್ರಿ ಸರ್ಟಿಫಿಕೇಟು. ಲ್ಯಾಮಿನೇಷನ್ ಮಾಡಿಕೊಡಪ್ಪಾ ಎಂದರು. ಮಿಷನ್ನಿಗೆ ಹಾಕುವಾಗ ಸುಟ್ಟು ಗಿಟ್ಟು ಹೋದರೆ ಏನು ಗತಿ ಅಂತ ಅಂಗಡಿಯವನನ್ನು ಮೂರು ಸಲ ಕೇಳಿದರು. ಅವರ ಮನೆಯಲ್ಲಿ ಡಿಗ್ರಿ ಕಂಡವಳು ಅವಳೇ ಮೊದಲಂತೆ.

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟ ನನ್ನ ಹತ್ತಿರ ಅಂಥ ಕಾಗದ ಇಲ್ಲ. ಇಲ್ಲದವನಿಗೆ ಅದರ ಬೆಲೆ ಸ್ವಲ್ಪ ಹೆಚ್ಚೇ ಗೊತ್ತಿರುತ್ತದೆ. ಆ ಮಿಷನ್ನಿನಿಂದ ಕಾಗದ ಬಿಸಿಬಿಸಿಯಾಗಿ ಹೊರಬರುವುದನ್ನು ಅಪ್ಪ ಮಗಳು ಉಸಿರು ಹಿಡಿದು ನೋಡುತ್ತಿದ್ದಾಗ ನನಗೆ ಕಲ್ಕತ್ತಾದ ಬೀನಾ ದಾಸ್ ನೆನಪಾದಳು. ಬಿ.ಎ. ಓದಿ, ಪಾಸಾಗಿ, ಡಿಗ್ರಿ ತೆಗೆದುಕೊಳ್ಳಲು ಗೌನು ತೊಟ್ಟು ಸಭಾಂಗಣಕ್ಕೆ ಹೋದವಳು ಆಕೆ. ಕಾಗದ ಕೈಗೆ ಬರಲಿಲ್ಲ. ಬಂದದ್ದು ಕೈಕೋಳ. ಆ ಕಾಗದ ಕೊನೆಗೆ ಬಂದದ್ದು 80 ವರ್ಷದ ಮೇಲೆ. ಅಷ್ಟು ಹೊತ್ತಿಗೆ ಆಕೆ ಸತ್ತು 25 ವರ್ಷ ಕಳೆದಿತ್ತು.

ನಮ್ಮ ಪೇಟೆ ಬೀದಿಯಲ್ಲಿ ಭಗತ್ ಸಿಂಗ್ ಯಾರು ಎಂದರೆ ಬೀಡಾ ಅಂಗಡಿಯ ಹುಡುಗನೂ ಹೇಳುತ್ತಾನೆ. ಬೀನಾ ದಾಸ್ ಯಾರು ಎಂದರೆ ಕಾಲೇಜಿನಲ್ಲಿ ಪಾಠ ಹೇಳುವವರೂ ಒಂದು ಗಳಿಗೆ ತಲೆ ಕೆರೆದುಕೊಂಡಾರು. ಆದ್ದರಿಂದ ಈ ವಾರ ಚರಂಡಿ, ನಲ್ಲಿ ನೀರು, ಪುರಸಭೆ ಜಗಳ ಎಲ್ಲ ಪಕ್ಕಕ್ಕಿಟ್ಟು ಆಕೆಯ ಕಥೆ ಹೇಳುತ್ತೇನೆ. ಬಸ್ಸು ಬರುವುದರೊಳಗೆ ಓದಿ ಮುಗಿಸಬಹುದು.

ಹೆಡ್ ಮಾಸ್ತರರ ಮಗಳು

ಬೀನಾ ಹುಟ್ಟಿದ್ದು 1911ರ ಆಗಸ್ಟ್ 24ರಂದು, ಬಂಗಾಳದ ನದಿಯಾ ಜಿಲ್ಲೆಯ ಕೃಷ್ಣನಗರದಲ್ಲಿ. ತಂದೆ ಬೇಣಿಮಾಧವ ದಾಸ್, ಬ್ರಹ್ಮಸಮಾಜದವರು, ಮೇಷ್ಟ್ರು. ಕಟಕದ ರಾವೆನ್‌ಶಾ ಕಾಲೇಜಿಯೇಟ್ ಸ್ಕೂಲಿನಲ್ಲಿ ಅವರು ಹೆಡ್ ಮಾಸ್ತರರಾಗಿದ್ದಾಗ ಅಲ್ಲಿ ಓದುತ್ತಿದ್ದ ಒಬ್ಬ ಹುಡುಗನ ಹೆಸರು ಸುಭಾಷಚಂದ್ರ ಬೋಸ್. ತಮ್ಮ ಮೇಲೆ ಆ ಮೇಷ್ಟ್ರ ಪ್ರಭಾವ ಎಷ್ಟಾಗಿತ್ತು ಎನ್ನುವುದನ್ನು ಸುಭಾಷರು ಆತ್ಮಕಥೆಯಲ್ಲಿ ಬರೆದಿದ್ದಾರೆ. ತಾಯಿ ಸರಳಾ ದೇವಿ. ದಿಕ್ಕಿಲ್ಲದ ಹೆಂಗಸರಿಗೆ ಪುಣ್ಯಾಶ್ರಮ ಎಂಬ ಆಸರೆ ಮನೆ ನಡೆಸುತ್ತಿದ್ದವರು. ಅಕ್ಕ ಕಲ್ಯಾಣಿ ತಂಗಿಗಿಂತ ಮೊದಲೇ ಚಳವಳಿಗೆ ಇಳಿದವಳು.

ಹಣದ ಮನೆಯಲ್ಲ, ಪುಸ್ತಕದ ಮನೆ. ಶರಚ್ಚಂದ್ರರ ಕಾದಂಬರಿಗಳನ್ನು ನಮ್ಮ ತಾಯಂದಿರು ಕನ್ನಡದಲ್ಲಿ ಓದಿ ಅತ್ತವರೇ. ಅದೇ ಶರಚ್ಚಂದ್ರರು ಬರೆದ ‘ಪಥೇರ್ ದಾಬಿ’ ಕ್ರಾಂತಿಕಾರರ ಕಥೆ. ಬ್ರಿಟಿಷ್ ಸರ್ಕಾರ ಅದನ್ನು 1927ರಲ್ಲಿ ಮುಟ್ಟುಗೋಲು ಹಾಕಿತು. ಪರೀಕ್ಷೆಯಲ್ಲಿ ಮೆಚ್ಚಿನ ಕಾದಂಬರಿ ಬಗ್ಗೆ ಬರೆಯಿರಿ ಎಂಬ ಪ್ರಶ್ನೆಗೆ ಈ ಹುಡುಗಿ ಆ ಪುಸ್ತಕದ ಬಗ್ಗೆಯೇ ಬರೆದಳು. ಮಾರ್ಕ್ಸು ಕಡಿಮೆ ಬಂತು ಎಂದು ಆಕೆಯೇ ಮುಂದೆ ನೆನಪು ಮಾಡಿಕೊಂಡಿದ್ದಾಳೆ. ಕಾಗದದ ಮೇಲೆ ಮಾರ್ಕ್ಸು ಕಳಕೊಳ್ಳುವ ಅಭ್ಯಾಸ ಅಲ್ಲಿಂದಲೇ ಶುರು ಎನ್ನಿ.

ಬೆಥೂನ್ ಕಾಲೇಜಿನ ಆ ದಿನಗಳು

ಬೆಥೂನ್ ಕಾಲೇಜು ಅಂದರೆ ಸಾಮಾನ್ಯದ್ದಲ್ಲ. 1849ರಲ್ಲಿ ಹೆಣ್ಣುಮಕ್ಕಳ ಸ್ಕೂಲಾಗಿ ಶುರುವಾಗಿ, 1879ರಲ್ಲಿ ಕಾಲೇಜಾಗಿ, 1883ರಲ್ಲಿ ಕಾದಂಬಿನಿ ಬಸು, ಚಂದ್ರಮುಖಿ ಬಸು ಎಂಬ ಇಬ್ಬರು ಪದವೀಧರೆಯರನ್ನು ದೇಶಕ್ಕೆ ಕೊಟ್ಟ ಜಾಗ. ಸರ್ಕಾರಿ ಕಾಲೇಜು. ಹೆಣ್ಣುಮಕ್ಕಳು ಪರದೆ ಎಳೆದ ಗಾಡಿಯಲ್ಲಿ ಬಂದು ತಲೆ ತಗ್ಗಿಸಿ ಓದಿ ಹೋಗಲಿ ಎಂದು ಸರ್ಕಾರದ ಲೆಕ್ಕ. ಆದರೆ 1928 ಬಂತು.

1928ರ ಫೆಬ್ರವರಿ 3ರಂದು ಸೈಮನ್ ಕಮಿಷನ್ ಬೊಂಬಾಯಿಗೆ ಬಂದಿಳಿಯಿತು. ಏಳು ಜನ ಸದಸ್ಯರು, ಅದರಲ್ಲಿ ಒಬ್ಬನೂ ಇಂಡಿಯಾದವನಿಲ್ಲ. ದೇಶಕ್ಕೆ ದೇಶವೇ ಹರತಾಳ ಮಾಡಿತು. ಅಂಗಡಿ ಬಾಗಿಲು ಹಾಕಿದ್ದು ಯಾರಿಗೂ ಆಶ್ಚರ್ಯ ಆಗಲಿಲ್ಲ. ಆಶ್ಚರ್ಯ ಆದದ್ದು ಬೆಥೂನ್ ಕಾಲೇಜಿನ ಹುಡುಗಿಯರು ಕ್ಲಾಸು ಬಿಟ್ಟಾಗ. ಪ್ರಿನ್ಸಿಪಾಲರು ಇಂಗ್ಲಿಷ್ ಹೆಂಗಸು. ತಪ್ಪೊಪ್ಪಿಗೆ ಬರೆದುಕೊಡಿ ಎಂದು ಪಟ್ಟು ಹಿಡಿದರು. ಹುಡುಗಿಯರು ಬರೆದುಕೊಡಲಿಲ್ಲ. ಹಟ ಬೆಳೆಯಿತು. ಕೊನೆಗೆ ಕಾಲೇಜು ಬಿಟ್ಟು ಹೋದದ್ದು ಪ್ರಿನ್ಸಿಪಾಲರೇ.

ಓದುಗರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅದು ಗುಂಡು ಹಾರಿದ ಗಲಾಟೆಯಲ್ಲ, ಕಲ್ಲು ತೂರಿದ್ದೂ ಅಲ್ಲ. ಒಂದು ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದದ್ದು, ಅಷ್ಟೇ. ಆದರೆ ಮನೆಯಲ್ಲಿ ಅಪ್ಪನಿಗೆ, ಬೀದಿಯಲ್ಲಿ ಅಣ್ಣನಿಗೆ, ಸ್ಕೂಲಿನಲ್ಲಿ ಮೇಷ್ಟ್ರಿಗೆ ಹೂಂ ಎನ್ನುವುದನ್ನಷ್ಟೇ ಕಲಿತಿದ್ದ ಹೆಣ್ಣುಮಕ್ಕಳು ಒಟ್ಟಿಗೆ ನಿಂತು ಊಹೂಂ ಎಂದರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡರು. ಈ ಪಾಠ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಮುಂದೆ ಅವರ ಬದುಕಿನಲ್ಲಿ ನಡೆದದ್ದಕ್ಕೆಲ್ಲ ಬೀಜ ಬಿದ್ದದ್ದು ಅಲ್ಲೇ.

ಅದೇ ವರ್ಷ ಕಲ್ಯಾಣಿ ದಾಸ್ ಮತ್ತು ಗೆಳತಿಯರು ‘ಛಾತ್ರೀ ಸಂಘ’ ಕಟ್ಟಿದರು. ಛಾತ್ರೀ ಅಂದರೆ ವಿದ್ಯಾರ್ಥಿನಿ. ಹುಡುಗಿಯರಿಗೆ ಅಂತಲೇ ಲೈಬ್ರರಿ, ಚರ್ಚಾಕೂಟ, ಸೈಕಲ್ ಕಲಿಕೆ, ಈಜು, ಗಾಯಕ್ಕೆ ಪಟ್ಟಿ ಕಟ್ಟುವ ತರಬೇತಿ, ಲಾಠಿ ವರಸೆ ಎಲ್ಲವೂ ಇತ್ತು. 1928ರಲ್ಲಿ ಸೀರೆ ಉಟ್ಟ ಹುಡುಗಿ ಕಲ್ಕತ್ತಾದ ಬೀದಿಯಲ್ಲಿ ಸೈಕಲ್ ತುಳಿದಳು ಎಂದರೆ ನೋಡಿದವರ ಬಾಯಿಗೆ ಎಷ್ಟು ದಿನದ ಕೆಲಸ ಸಿಕ್ಕಿತ್ತೋ ನೀವೇ ಊಹಿಸಿ.

ವರ್ಷದ ಕೊನೆಗೆ, ಡಿಸೆಂಬರಿನಲ್ಲಿ, ಕಲ್ಕತ್ತಾದಲ್ಲಿ ಕಾಂಗ್ರೆಸ್ ಅಧಿವೇಶನ. ಮೋತಿಲಾಲ್ ನೆಹರೂ ಅಧ್ಯಕ್ಷರು. ಸ್ವಯಂಸೇವಕ ಪಡೆಗೆ ಸುಭಾಷರು ಮುಖ್ಯಸ್ಥರು, ಮಿಲಿಟರಿ ಡ್ರೆಸ್ಸಿನಲ್ಲಿ. ಹೆಂಗಸರ ಪಡೆಯನ್ನು ಲತಿಕಾ ಘೋಷ್ ಎಂಬ ಅಧ್ಯಾಪಕಿಗೆ ವಹಿಸಿದರು. ಆಕೆ ಬೆಥೂನ್ ಕಾಲೇಜು, ವಿಕ್ಟೋರಿಯಾ ಇನ್‌ಸ್ಟಿಟ್ಯೂಷನ್, ಕಾರ್ಪೊರೇಷನ್ ಸ್ಕೂಲುಗಳ ಟೀಚರುಗಳು ಎಲ್ಲರನ್ನೂ ಸೇರಿಸಿ ಸುಮಾರು 300 ಜನರ ಪಡೆ ಮಾಡಿದರು. ಗಂಡಸರಿಗೆ ಪ್ಯಾಂಟು, ಇವರಿಗೆ ಹಸಿರು ಸೀರೆ, ಕೆಂಪು ಅಂಚು, ಬಿಳಿ ರವಿಕೆ. ರಾತ್ರಿ ಕ್ಯಾಂಪಿನಲ್ಲಿ ಇರುವಂತಿಲ್ಲ, ಮನೆಗೆ ಹೋಗಬೇಕು ಎಂಬ ಕರಾರು ಬೇರೆ. ಹಾಗೆ ಕರಾರು ಹಾಕಿಯೇ ಅಪ್ಪ ಅಮ್ಮಂದಿರನ್ನು ಒಪ್ಪಿಸಬೇಕಿತ್ತು. ಗಂಡಸರ ಜೊತೆ ಸಮನಾಗಿ ಹೆಜ್ಜೆ ಹಾಕಿ ಆ ಹುಡುಗಿಯರು ಕಲ್ಕತ್ತಾ ಬೀದಿಯಲ್ಲಿ ನಡೆದರು. ಸ್ವಯಂಸೇವಕಿಯರಲ್ಲಿ ಬೀನಾ ಕೂಡ ಒಬ್ಬಳು.

ಮುಂದಿನ ಎರಡು ಮೂರು ವರ್ಷ ಬಂಗಾಳ ಕೊತಕೊತ ಕುದಿಯಿತು. 1930ರ ಏಪ್ರಿಲ್ 18ರಂದು ಸೂರ್ಯ ಸೇನರ ತಂಡ ಚಿತ್ತಗಾಂಗಿನ ಆಯುಧಾಗಾರಕ್ಕೆ ನುಗ್ಗಿತು. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರು ಪಿಕೆಟಿಂಗ್ ಮಾಡಿ ಜೈಲು ತುಂಬಿದರು. 1931ರ ಸೆಪ್ಟೆಂಬರ್ 16ರಂದು ಹಿಜ್ಲಿ ಬಂದಿಖಾನೆಯಲ್ಲಿ ಪೊಲೀಸರು ನಿರಾಯುಧ ಕೈದಿಗಳ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದರು. ಡಿಸೆಂಬರ್ 14ರಂದು ಕೊಮಿಲ್ಲಾದಲ್ಲಿ ಶಾಂತಿ ಘೋಷ್, ಸುನೀತಿ ಚೌಧುರಿ ಎಂಬ ಇಬ್ಬರು ಸ್ಕೂಲು ಹುಡುಗಿಯರು ಜಿಲ್ಲಾ ಮ್ಯಾಜಿಸ್ಟ್ರೇಟನನ್ನೇ ಗುಂಡಿಟ್ಟು ಕೊಂದರು. ಅಕ್ಕ ಕಲ್ಯಾಣಿಯನ್ನು ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಬೀನಾ ಆಗ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಡಯೋಸಿಸನ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಓದುತ್ತಿದ್ದಳು. ಒಂದು ಕಡೆ ಪುಸ್ತಕದಲ್ಲಿ ಇಂಗ್ಲಿಷರ ಕಾವ್ಯ, ಇನ್ನೊಂದು ಕಡೆ ಪೇಪರಿನಲ್ಲಿ ಇಂಗ್ಲಿಷರ ಲಾಠಿ. ಎರಡೂ ಒಂದೇ ತಲೆಯೊಳಗೆ ಎಷ್ಟು ದಿನ ಇದ್ದಾವು?

ಗೌನಿನ ಒಳಗೆ

ಬೀನಾಳಿಗೆ ಹಿರಿಯ ಗೆಳತಿ ಒಬ್ಬಳಿದ್ದಳು, ಕಮಲಾ ದಾಸಗುಪ್ತ. ಇತಿಹಾಸದಲ್ಲಿ ಎಂ.ಎ. ಓದಿದವಳು, ಯುಗಾಂತರ ಪಕ್ಷದವಳು. ಹೊರಗಿನ ಲೋಕಕ್ಕೆ ಆಕೆ ಬಡ ಹೆಂಗಸರ ಹಾಸ್ಟೆಲ್ಲಿನ ಮ್ಯಾನೇಜರು. ಒಳಗೆ ನೋಡಿದರೆ ಅದೇ ಹಾಸ್ಟೆಲ್ಲಿನಲ್ಲಿ ಬಾಂಬುಗಳ ದಾಸ್ತಾನು. ಬೀನಾಳಿಗೆ ರಿವಾಲ್ವರ್ ತಂದುಕೊಟ್ಟವಳು ಈಕೆಯೇ. ಅದಕ್ಕೆ ಕೊಟ್ಟ ಹಣ 280 ರೂಪಾಯಿ. ಆ ಕಾಲದ 280 ರೂಪಾಯಿ ಎಂದರೆ ಎಷ್ಟು ಎಂದು ಚಿನಿವಾರ ಪೇಟೆಯ ಹಿರಿಯರನ್ನು ಕೇಳಿ, ಲೆಕ್ಕ ಹಾಕಿ ಹೇಳುತ್ತಾರೆ.

1932ರ ಫೆಬ್ರವರಿ 6. ಕಲ್ಕತ್ತಾ ವಿಶ್ವವಿದ್ಯಾಲಯದ ಸೆನೆಟ್ ಹಾಲಿನಲ್ಲಿ ಕಾನ್ವೊಕೇಶನ್. ಬಂಗಾಳದ ಗವರ್ನರ್ ಸರ್ ಸ್ಟ್ಯಾನ್ಲಿ ಜಾಕ್ಸನ್ ಚಾನ್ಸಲರ್ ಆಗಿ ಭಾಷಣಕ್ಕೆ ನಿಂತಿದ್ದ. ಕ್ರಿಕೆಟ್ ಹುಚ್ಚಿನವರು ಈ ಹೆಸರು ಕೇಳಿರಬಹುದು. 1905ರಲ್ಲಿ ಆಸ್ಟ್ರೇಲಿಯಾ ಎದುರು ಇಂಗ್ಲೆಂಡ್ ತಂಡದ ಕ್ಯಾಪ್ಟನ್ ಆಗಿ ಐದಕ್ಕೆ ಐದೂ ಟಾಸ್ ಗೆದ್ದ ಅದೃಷ್ಟವಂತ ಈತನೇ. ಆ ಅದೃಷ್ಟ ಈ ದಿನವೂ ಕೈಬಿಡಲಿಲ್ಲ.

ಗೌನು ತೊಟ್ಟ ಪದವೀಧರರ ಸಾಲಿನಲ್ಲಿ ಬೀನಾ ಕೂತಿದ್ದಳು. ವಯಸ್ಸು 20. ಗೌನಿನ ಒಳಗೆ ರಿವಾಲ್ವರ್. ಗುರಿ ಇಟ್ಟು ಹೊಡೆದು ಪಳಗಿದವಳಲ್ಲ. ಭಾಷಣ ನಡೆಯುತ್ತಿದ್ದಾಗ ಎದ್ದಳು, ಮುಂದೆ ನಡೆದಳು, ಹಾರಿಸಿದಳು. ಒಟ್ಟು ಐದು ಗುಂಡು. ಹಳೇ ಬ್ಯಾಟ್ಸ್‌ಮನ್ ತಲೆ ಬಗ್ಗಿಸಿ ಪಕ್ಕಕ್ಕೆ ಸರಿದ. ಒಂದೂ ತಾಗಲಿಲ್ಲ. ವೈಸ್ ಚಾನ್ಸಲರ್ ಹಸನ್ ಸುಹ್ರವರ್ದಿ ವೇದಿಕೆಯಿಂದ ಧಾವಿಸಿ ಆಕೆಯನ್ನು ಹಿಡಿದರು. ಈ ಸಾಹಸಕ್ಕೆ ಅವರಿಗೆ ಸರ್ ಪದವಿ ಬಂತು. ಮುಂದೆ ಬಂಗಾಳದ ಮುಖ್ಯಮಂತ್ರಿಯಾದ ಸುಹ್ರವರ್ದಿ ಬೇರೆ, ಇವರು ಬೇರೆ. ಇವರು ಡಾಕ್ಟರು.

ಹೀಗೆ ಅದೇ ದಿನ ಅದೇ ಹಾಲಿನ ಘಟನೆಯಿಂದ ವೈಸ್ ಚಾನ್ಸಲರಿಗೆ ಪದವಿ ಬಂತು, ವಿದ್ಯಾರ್ಥಿನಿಯ ಪದವಿ ಹೋಯಿತು.

ಕಟಕಟೆಯಲ್ಲಿ

ರಿವಾಲ್ವರ್ ಕೊಟ್ಟವರು ಯಾರು ಎಂದು ಪೊಲೀಸರು ಕೇಳಿದರು. ಹೇಳಿಬಿಟ್ಟರೆ ಶಿಕ್ಷೆ ಕಡಿಮೆ ಆಗುತ್ತದೆ ಎಂದರು. ಆಕೆ ಕಮಲಾಳ ಹೆಸರು ಬಾಯಿಬಿಡಲಿಲ್ಲ. ಆದರೂ ಪೊಲೀಸರು ಬೇರೆ ದಾರಿಯಿಂದ ಕಮಲಾಳನ್ನೂ ಹಿಡಿದು ಹಲವು ವರ್ಷ ಒಳಗಿಟ್ಟರು.

ಕೇಸು ಎಳೆಯಲಿಲ್ಲ. ಈಗಿನ ಹಾಗೆ ವಾಯಿದೆ ಮೇಲೆ ವಾಯಿದೆ ಇಲ್ಲ. ಗುಂಡು ಹಾರಿದ ಒಂಬತ್ತನೇ ದಿನಕ್ಕೆ, ಫೆಬ್ರವರಿ 15ರಂದು, ವಿಶೇಷ ಟ್ರಿಬ್ಯೂನಲ್ ತೀರ್ಪು ಕೊಟ್ಟಿತು. 9 ವರ್ಷ ಕಠಿಣ ಸಜೆ. ಬೀನಾ ತಪ್ಪಿಸಿಕೊಳ್ಳಲು ನೋಡಲಿಲ್ಲ. ಇಂಗ್ಲಿಷಿನಲ್ಲಿ ಉದ್ದನೆಯ ಹೇಳಿಕೆ ಕೊಟ್ಟಳು. ಇಂಗ್ಲಿಷ್ ಆನರ್ಸ್ ಅಲ್ಲಿ ಉಪಯೋಗಕ್ಕೆ ಬಂತು. ಮಾಡಿದ್ದು ನಾನೇ ಎಂದಳು. ಗವರ್ನರ್ ಮೇಲಾಗಲೀ ಆತನ ಹೆಂಡತಿ ಮೇಲಾಗಲೀ ತನಗೆ ಸ್ವಂತದ ದ್ವೇಷ ಏನೂ ಇಲ್ಲ, ಆದರೆ ತನ್ನ ನಾಡನ್ನು ತುಳಿಯುತ್ತಿರುವ ವ್ಯವಸ್ಥೆಗೆ ಆತ ಪ್ರತಿನಿಧಿ ಎಂದಳು. ಮಿಡ್ನಾಪುರ, ಹಿಜ್ಲಿ, ಚಿತ್ತಗಾಂಗಿನಲ್ಲಿ ನಡೆದದ್ದನ್ನು ನೆನೆದು ಸುಮ್ಮನೆ ಬದುಕಿರಲು ಆಗಲಿಲ್ಲ ಎಂಬುದು ಅದರ ಸಾರ. ಸರ್ಕಾರ ಆ ಹೇಳಿಕೆಯನ್ನು ಪತ್ರಿಕೆಗಳು ಅಚ್ಚು ಮಾಡದಂತೆ ತಡೆಯಿತು. ಗುಂಡಿಗಿಂತ ಮಾತಿಗೆ ಹೆಚ್ಚು ಹೆದರಿದರು ಅಂತಾಯಿತು.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಸಭೆಯಲ್ಲಿ ನಿಂತ ಮನುಷ್ಯನಿಗೆ ಗುಂಡು ಹೊಡೆಯುವುದು ಸರಿಯೇ ಎಂದು ಕೇಳಿದರೆ ನಾನು ಹೌದೆನ್ನುವುದಿಲ್ಲ. ಆ ಹಾಲಿನ ತುಂಬ ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದ್ದರು. ಗುರಿ ತಪ್ಪಿದ ಗುಂಡು ಯಾರದೋ ಮನೆ ದೀಪ ಆರಿಸಬಹುದಿತ್ತು. ಬೀನಾ ದಾಸ್ ಮುಂದೆ ತುಳಿದ ದಾರಿ ನೋಡಿದರೆ ಆಕೆಯೂ ಆ ದಾರಿಯಲ್ಲೇ ನಿಲ್ಲಲಿಲ್ಲ. ಹಾಗಂತ ಆಕೆಯನ್ನು ಮರೆತುಬಿಡಲು ಅದು ಕಾರಣ ಆಗುವುದಿಲ್ಲ.

ಜೈಲಿನಿಂದ ಅಸೆಂಬ್ಲಿಗೆ

ಏಳು ವರ್ಷ ಬಂಗಾಳದ ಜೈಲುಗಳಲ್ಲಿ ಕಳೆಯಿತು. ಕೊಮಿಲ್ಲಾದ ಶಾಂತಿ, ಸುನೀತಿ ಜೈಲಿನ ಜೊತೆಗಾತಿಯರು. ರಾಜಕೀಯ ಕೈದಿಗಳ ಬಿಡುಗಡೆಗೆ ಗಾಂಧೀಜಿ ಓಡಾಡಿದ್ದರ ಫಲವಾಗಿ 1939ರಲ್ಲಿ ಬಾಗಿಲು ತೆರೆಯಿತು. 20ರ ಹುಡುಗಿಯಾಗಿ ಒಳಗೆ ಹೋದವಳು ಹೆಂಗಸಾಗಿ ಹೊರಗೆ ಬಂದಳು. ಇನ್ನು ಮೇಲೆ ನಾವೂ ಆಕೆಯನ್ನು ಬಹುವಚನದಲ್ಲೇ ಕರೆಯೋಣ.

ಹೊರಬಂದ ಬೀನಾ ದಾಸ್ ಕಾಂಗ್ರೆಸ್ ಸೇರಿದರು. ಸಾಕಪ್ಪಾ ಸಾಕು, ಏಳು ವರ್ಷ ಕಂಬಿ ಎಣಿಸಿದ್ದಾಯಿತು ಎಂದು ಮನೆಯಲ್ಲಿ ಕೂರಲಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಮತ್ತೆ ಜೈಲು ಸೇರಿದರು. ಈ ಸಲ ಕೈಯಲ್ಲಿ ರಿವಾಲ್ವರ್ ಇರಲಿಲ್ಲ. 1945ರವರೆಗೆ ಒಳಗೇ ಇದ್ದರು. ನಮ್ಮ ಮೈಸೂರು ಸಂಸ್ಥಾನದಲ್ಲೂ 1942ರಲ್ಲಿ ವಿದ್ಯಾರ್ಥಿಗಳು ಕ್ಲಾಸು ಬಿಟ್ಟು ಬೀದಿಗೆ ಬಂದಿದ್ದು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಬಂಗಾಳದಲ್ಲಿ ಆ ಹೊತ್ತಿಗೆ ಇಂಥ ಹೆಣ್ಣುಮಕ್ಕಳಿಗೆ ಅದು ಎರಡನೇ ಸುತ್ತು.

1946ರಲ್ಲಿ ಬಂಗಾಳದ ವಿಧಾನಸಭೆಗೆ ಆಯ್ಕೆಯಾದರು. ದೇಶ ಒಡೆದ ಮೇಲೆ 1951ರವರೆಗೆ ಪಶ್ಚಿಮ ಬಂಗಾಳದ ವಿಧಾನಸಭೆಯಲ್ಲಿದ್ದರು. ನೌಖಾಲಿಯಲ್ಲಿ ಕೋಮು ದಳ್ಳುರಿ ಎದ್ದಾಗ ಅಲ್ಲಿಗೆ ಹೋಗಿ ಮನೆಮಠ ಕಳಕೊಂಡವರ ನಡುವೆ ಪರಿಹಾರದ ಕೆಲಸ ಮಾಡಿದರು. ಗಾಂಧೀಜಿ ಹಳ್ಳಿಯಿಂದ ಹಳ್ಳಿಗೆ ನಡೆದ ಅದೇ ನೌಖಾಲಿ. ಗುಂಡಿನಿಂದ ಶುರುವಾದ ಬದುಕು ಗಾಯಕ್ಕೆ ಪಟ್ಟಿ ಕಟ್ಟುವಲ್ಲಿಗೆ ಬಂದು ನಿಂತಿತ್ತು. ಛಾತ್ರೀ ಸಂಘದಲ್ಲಿ ಹುಡುಗಿಯರಿಗೆ ಎರಡನ್ನೂ ಕಲಿಸಿದ್ದರಲ್ಲ, ಲಾಠಿಯನ್ನೂ ಪಟ್ಟಿ ಕಟ್ಟುವುದನ್ನೂ. ಕಡೆಗೆ ಹೆಚ್ಚು ಬಾಳಿಕೆ ಬಂದದ್ದು ಎರಡನೆಯದೇ.

1947ರಲ್ಲಿ ಯುಗಾಂತರದಲ್ಲಿ ಜೊತೆಗಿದ್ದ ಜತೀಶಚಂದ್ರ ಭೌಮಿಕ್ ಅವರನ್ನು ಮದುವೆಯಾದರು. ತಮ್ಮ ಬದುಕಿನ ಬಗ್ಗೆ ಬಂಗಾಳಿಯಲ್ಲಿ ‘ಶೃಂಖಲ ಝಂಕಾರ’, ‘ಪಿತೃಧನ’ ಎಂಬ ಪುಸ್ತಕ ಬರೆದರು. 1960ರಲ್ಲಿ ಸಮಾಜ ಸೇವೆಗಾಗಿ ಪದ್ಮಶ್ರೀ ಬಂತು. ವಿಚಿತ್ರ ನೋಡಿ, ಆಕೆ ಗುಂಡು ಹಾರಿಸಿದ ಸೆನೆಟ್ ಹಾಲನ್ನು ಕೆಡವಿದ್ದೂ ಅದೇ ಸುಮಾರಿಗೆ. ದೇಶದ ಪದವಿ ಬಂತು, ಹಾಲು ನೆಲ ಕಂಡಿತು. ಆದರೆ 1932ರಲ್ಲಿ ಆ ಹಾಲಿನಲ್ಲಿ ಕೊಡಬೇಕಾಗಿದ್ದ ಬಿ.ಎ. ಕಾಗದ ಮಾತ್ರ ಬರಲಿಲ್ಲ. ಇಂಗ್ಲಿಷರು ತಡೆಹಿಡಿದದ್ದು ಸರಿ. ಅವರು ಹೋಗಿ 13 ವರ್ಷ ಆಗಿತ್ತಲ್ಲ, ನಮ್ಮವರಿಗೆ ಏನಾಗಿತ್ತು?

ಜೊತೆಯ ಗೆಳತಿಯರು

ಒಂದೇ ಕಾಲೇಜು, ಒಂದೇ ಕಾಲ. ಆದರೆ ದಾರಿಗಳು ಬೇರೆ ಬೇರೆಯಾದವು.

ಪ್ರೀತಿಲತಾ ವದ್ದೇದಾರ್ ಬೆಥೂನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿ ಡಿಸ್ಟಿಂಕ್ಷನ್ ಜೊತೆ ಬಿ.ಎ. ಮುಗಿಸಿದವಳು. ಚಿತ್ತಗಾಂಗಿಗೆ ಹಿಂತಿರುಗಿ ಸ್ಕೂಲೊಂದರ ಹೆಡ್ ಮಿಸ್ಟ್ರೆಸ್ ಆದಳು. 1932ರ ಸೆಪ್ಟೆಂಬರಿನಲ್ಲಿ ಪಹಾಡ್‌ತಲಿಯ ಯುರೋಪಿಯನ್ ಕ್ಲಬ್ಬಿನ ಮೇಲೆ ದಾಳಿಗೆ ಮುಂದಾಳಾಗಿ ಹೋಗಿ, ಗಾಯಗೊಂಡು, ಪೊಲೀಸರ ಕೈಗೆ ಸಿಗಬಾರದೆಂದು ಪ್ರಾಣ ಬಿಟ್ಟಳು. ವಯಸ್ಸು 21. ಈಕೆಯ ಡಿಗ್ರಿಯನ್ನೂ ಸರ್ಕಾರ ತಡೆಹಿಡಿಯಿತು.

ಕಲ್ಪನಾ ದತ್ತ ಬೆಥೂನಿನಲ್ಲಿ ವಿಜ್ಞಾನ ಓದಲು ಬಂದವಳು, ಛಾತ್ರೀ ಸಂಘದ ಸದಸ್ಯೆ. ಸೂರ್ಯ ಸೇನರ ತಂಡ ಸೇರಿದಳು. 1933ರಲ್ಲಿ ಸಿಕ್ಕಿಬಿದ್ದಳು, ಜೀವಾವಧಿ ಸಜೆ ಆಯಿತು. 1939ರಲ್ಲಿ ಬಿಡುಗಡೆಯಾದ ಕೂಡಲೇ ಏನು ಮಾಡಿದರು ಗೊತ್ತೇ? ಬಿಟ್ಟ ಓದನ್ನು ಹಿಡಿದು 1940ರಲ್ಲಿ ಡಿಗ್ರಿ ಮುಗಿಸಿದರು. ಕಮ್ಯುನಿಸ್ಟ್ ಪಕ್ಷ ಸೇರಿ, 1943ರಲ್ಲಿ ಪಕ್ಷದ ನಾಯಕ ಪಿ.ಸಿ. ಜೋಶಿ ಅವರನ್ನು ಮದುವೆಯಾಗಿ, ಬಂಗಾಳದ ಬರಗಾಲದಲ್ಲಿ ಗಂಜಿ ಕೇಂದ್ರಗಳ ಹಿಂದೆ ಓಡಾಡಿ, 1995ರವರೆಗೆ ಬದುಕಿದರು.

ರಿವಾಲ್ವರ್ ಕೊಟ್ಟ ಕಮಲಾ ದಾಸಗುಪ್ತ ‘ಮಂದಿರಾ’ ಎಂಬ ಹೆಂಗಸರ ಪತ್ರಿಕೆಯ ಸಂಪಾದಕಿಯಾದರು. 1963ರಲ್ಲಿ ಸ್ವಾತಂತ್ರ್ಯ ಹೋರಾಟದ ಬಂಗಾಳಿ ಹೆಂಗಸರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಎಷ್ಟೋ ಹೆಸರುಗಳು ಈಗ ನಮಗೆ ಗೊತ್ತಿರುವುದು ಆ ಹೆಂಗಸು ಕೂತು ಬರೆದಿಟ್ಟದ್ದರಿಂದ. ಅಕ್ಕ ಕಲ್ಯಾಣಿ 1943ರ ಬರಗಾಲದ ಹೊತ್ತಿನಲ್ಲಿ ಬಂಗಾಳದ ಗೋಳನ್ನು ದೇಶಕ್ಕೆ ತಿಳಿಸುವ ಪುಸ್ತಕ ಸಂಪಾದಿಸಿದರು.

ಒಬ್ಬಳು ಸತ್ತಳು, ಒಬ್ಬರು ಕಾಂಗ್ರೆಸ್ ಕಡೆ ಹೋದರು, ಒಬ್ಬರು ಕೆಂಬಾವುಟ ಹಿಡಿದರು, ಒಬ್ಬರು ಲೇಖನಿ ಹಿಡಿದರು. ಮದುವೆ ಮಾಡಿಕೊಂಡು ಸೊಸೆಯಾಗಿ ಒಲೆ ಮುಂದೆ ಕೂತು ಇದೆಲ್ಲ ಕನಸೋ ಎಂಬಂತೆ ಮರೆತವರೂ ಆ ಕ್ಲಾಸಿನಲ್ಲಿ ಬೇಕಾದಷ್ಟು ಜನ ಇದ್ದಿರಬೇಕು, ಅವರ ಹೆಸರು ಯಾರೂ ಬರೆದಿಟ್ಟಿಲ್ಲ. ಹೆಸರು ಉಳಿದ ಇವರು ಯಾರೂ ಕಾಲೇಜಿನ ಆ ವರ್ಷಗಳನ್ನು ಕಡೆಯವರೆಗೂ ಬಿಟ್ಟುಕೊಡಲಿಲ್ಲ. ಕೆಲಸ ಬದಲಾಯಿತು, ಪಕ್ಷ ಬದಲಾಯಿತು, ಊಹೂಂ ಎನ್ನುವ ಗುಣ ಬದಲಾಗಲಿಲ್ಲ.

ರಿಷಿಕೇಶದ ರಸ್ತೆ ಬದಿ

ಕಥೆ ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಪತ್ರಿಕೆಯವನಿಗೆ ಆ ಸೌಕರ್ಯ ಇಲ್ಲ.

ಗಂಡ ತೀರಿಕೊಂಡ ಮೇಲೆ ಬೀನಾ ದಾಸ್ ಒಂಟಿಯಾದರು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅವರು ಕೈಚಾಚಲಿಲ್ಲ ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಕಲ್ಕತ್ತಾ ಬಿಟ್ಟು ದೂರದ ರಿಷಿಕೇಶಕ್ಕೆ ಹೋದರು. 1986ರ ಡಿಸೆಂಬರ್ 26 ಎಂದು ಅವರ ಸಾವಿನ ತಾರೀಖು ಕೊಡುತ್ತಾರೆ. ರಸ್ತೆ ಬದಿಯಲ್ಲಿ ಹೆಣ ಸಿಕ್ಕಿತಂತೆ. ಕೆಟ್ಟುಹೋಗಲು ಶುರುವಾಗಿತ್ತಂತೆ. ದಾರಿಹೋಕರು ಪೊಲೀಸರಿಗೆ ತಿಳಿಸಿದರು. ಈ ಮುದುಕಿ ಯಾರು ಎಂದು ಗೊತ್ತು ಮಾಡಿಕೊಳ್ಳಲು ಪೊಲೀಸರಿಗೆ ತಿಂಗಳೇ ಹಿಡಿಯಿತು ಎನ್ನುತ್ತಾರೆ. ಒಂದು ಕಾಲಕ್ಕೆ ಬ್ರಿಟಿಷ್ ಸಾಮ್ರಾಜ್ಯದ ಪೊಲೀಸರೆಲ್ಲ ಗುರುತು ಹಿಡಿಯುತ್ತಿದ್ದ ಮುಖ ಅದು. ಸ್ವತಂತ್ರ ಭಾರತದಲ್ಲಿ ಗುರುತು ಹೇಳುವವರು ಸಿಗಲಿಲ್ಲ.

ನಮ್ಮ ಬಸ್ ಸ್ಟ್ಯಾಂಡಿನ ಮೂಲೆಯಲ್ಲೂ ಎಷ್ಟೋ ಅಜ್ಜಿಯರು ಮುದುರಿ ಮಲಗಿರುತ್ತಾರೆ. ದಿನಾ ದಾಟಿಕೊಂಡು ಹೋಗುತ್ತೇವೆ. ಯಾರು, ಎಲ್ಲಿಯವರು, ಏನು ಓದಿದ್ದರು, ಎಲ್ಲಿ ದುಡಿದಿದ್ದರು ಎಂದು ಕೇಳಿದವರು ಎಷ್ಟು ಜನ? ನಾನೂ ಕೇಳಿಲ್ಲ, ಒಪ್ಪಿಕೊಳ್ಳುತ್ತೇನೆ.

ಕಾಗದ ಬಂತು

2012ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಹಳೇ ಬಾಕಿ ತೀರಿಸಿತು. ಬೀನಾ ದಾಸ್ ಮತ್ತು ಪ್ರೀತಿಲತಾ ವದ್ದೇದಾರ್ ಇಬ್ಬರಿಗೂ ಮರಣೋತ್ತರವಾಗಿ ಪದವಿ ಪ್ರಮಾಣಪತ್ರ ಕೊಟ್ಟಿತು. 80 ವರ್ಷ. ನಮ್ಮಲ್ಲಿ ಸರ್ಟಿಫಿಕೇಟು ಮೂರು ತಿಂಗಳು ತಡವಾದರೆ ವಿಶ್ವವಿದ್ಯಾಲಯದ ಮುಂದೆ ಧರಣಿ ಕೂರುತ್ತೇವೆ, ಕೂರಲೇಬೇಕು. ಆ ಇಬ್ಬರ ಪರವಾಗಿ ಕೂರಲು ಯಾರೂ ಇರಲಿಲ್ಲ. ಪಾಸಾದವರಿಗೆ ಪಾಸು ಎಂದು ಬರೆದುಕೊಡಲು ಒಂದು ದೇಶಕ್ಕೆ ಸ್ವಾತಂತ್ರ್ಯ ಬಂದಮೇಲೂ 65 ವರ್ಷ ಬೇಕಾಯಿತು.

ತಡವಾದರೂ ಕೊಟ್ಟರಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ನಾನು ಮಾಡಿಕೊಳ್ಳುತ್ತೇನೆ, ಅರ್ಧ ಮನಸ್ಸಿನಿಂದ. ಏಕೆಂದರೆ ಆ ಕಾಗದ ಬೇಕಾಗಿದ್ದುದು ಬದುಕಿದ್ದವರಿಗೆ. ನೀನು ಓದಿದ್ದು ಸುಳ್ಳಲ್ಲಮ್ಮ ಎಂದು ಊರು ಹೇಳುವ ಮಾತು ಅದು. ಸತ್ತವರ ಹೆಸರಿನಲ್ಲಿ ಕೊಟ್ಟಾಗ ಕೊಟ್ಟವರ ಮನಸ್ಸು ಹಗುರಾಗುತ್ತದೆ, ಅಷ್ಟೇ.

ಜೆರಾಕ್ಸ್ ಅಂಗಡಿಗೆ ವಾಪಸು ಬರೋಣ. ಲ್ಯಾಮಿನೇಷನ್ ಆದ ಕಾಗದವನ್ನು ಅಪ್ಪ ಬೆಳಕಿಗೆ ಹಿಡಿದು ನೋಡಿದರು. ಅಕ್ಷರ ಓದಲು ಬರುತ್ತದೋ ಇಲ್ಲವೋ, ಮಗಳ ಹೆಸರು ಎಲ್ಲಿದೆ ತೋರಿಸು ಎಂದರು. ಅವಳು ಬೆರಳಿಟ್ಟು ತೋರಿಸಿದಳು. ಅಂಗಡಿಯವನು ಹಣ ಬೇಡ ಎಂದ. ಊಹೂಂ, ತಗೊಳ್ಳಲೇಬೇಕು ಎಂದು ಹುಡುಗಿ ನೋಟು ಮುಂದಿಟ್ಟಳು. ಅಷ್ಟು ಹೊತ್ತು ತುಟಿ ಬಿಚ್ಚದೆ ನಿಂತಿದ್ದವಳು ಅವಳು. ಆ ಒಂದು ಊಹೂಂ ಕೇಳಿ ನನಗೆ ಬೆಥೂನ್ ಕಾಲೇಜು ನೆನಪಾಯಿತು ಎಂದರೆ ನೀವು ನಗಬಾರದು.

ಕಾಲೇಜಿನಿಂದ ಹೊರಬರುವ ಹುಡುಗಿಯ ಕೈಯಲ್ಲಿ ಕಾಗದ ಇದೆಯೇ ಎಂದು ನಾವೆಲ್ಲ ನೋಡುತ್ತೇವೆ. ಮದುವೆ ದಲ್ಲಾಳಿಯೂ ನೋಡುತ್ತಾನೆ. ಬಾಯಲ್ಲಿ ಊಹೂಂ ಎನ್ನುವ ಶಕ್ತಿ ಬಂದಿದೆಯೇ ಎಂದು ಯಾರೂ ನೋಡುವುದಿಲ್ಲ. ಮುಂದಿನ ಆಗಸ್ಟ್ 15ಕ್ಕೆ ನಮ್ಮೂರಿನ ಕಾಲೇಜು ಗೋಡೆಗಳ ಮೇಲೆ ದೇಶಭಕ್ತರ ಚಿತ್ರ ಬರೆಸುವಾಗ, ಕಮಿಟಿಯವರು ಆ ಸಾಲಿನಲ್ಲಿ ಗೌನು ತೊಟ್ಟ ಒಬ್ಬ ಹುಡುಗಿಗೂ ಜಾಗ ಬಿಟ್ಟರೆ ಚೆನ್ನ. ಕೆಳಗೆ ಹೆಸರು ಬರೆಯುವಾಗ ಮರೆಯದೆ ಬಿ.ಎ. ಅಂತ ಸೇರಿಸಿ. ಈಗ ಅದಕ್ಕೆ ದಾಖಲೆ ಇದೆ.